ದೊಡ್ಡವ್ವ ನಗದ ಒಂದೇ ಫೋಟೋ

ಕಳೆದ ಭಾನುವಾರ ಒಬ್ಬ ಮನುಷ್ಯ ನನಗೆ ನನ್ನದೇ ಮುಖ ಮಾರಲು ಬಂದಿದ್ದ.

ಮುಖ ಚೆನ್ನಾಗಿಯೇ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ದಪ್ಪ ರಟ್ಟಿನ ಚೌಕಟ್ಟು. ಮೇಲಿನ ಎರಡು ಮೂಲೆಗೆ ಎರಡು ಗಿಳಿ. ಕೆಳಗೆ ಬಂಗಾರದ ಬಣ್ಣದಲ್ಲಿ ‘ಸವಿನೆನಪು’ ಎಂಬ ಅಕ್ಷರ. ನಡುವೆ ನಾನು, ಅರ್ಧ ಬಾಯಿ ತೆರೆದು, ಕೈ ಅಡ್ಡ ಹಿಡಿದು. ಪಕ್ಕದಲ್ಲಿ ನಮ್ಮ ದೊಡ್ಡವ್ವ, ನಗುತ್ತ. ಆ ಫೋಟೋ ತೆಗೆದ ಹೊತ್ತಿನಲ್ಲಿ ನಾನು ಆಡುತ್ತಿದ್ದ ಮಾತು ಯಾವುದು ಗೊತ್ತೆ? “ಫೋಟೋ ಬ್ಯಾಡ್ರಿ.”

ಸ್ವಲ್ಪ ಯೋಚಿಸಿ. ಬೇಡ ಎನ್ನುತ್ತಿರುವವನ ಫೋಟೋ ತೆಗೆಯುವುದು. ಅದಕ್ಕೆ ಸವಿನೆನಪು ಎಂದು ಹೆಸರಿಡುವುದು. ಆಮೇಲೆ ಅವನಿಗೇ ಮಾರುವುದು. ಇದಕ್ಕೆ ಅವರು ಸರ್ವಿಸ್ ಎನ್ನುತ್ತಾರೆ. ನಮ್ಮ ಕಡೆ ಬೇರೆ ಹೆಸರಿದೆ, ಸಂಪಾದಕರು ಅಚ್ಚು ಮಾಡುವುದಿಲ್ಲ.

ನಮ್ಮ ಜಿಲ್ಲೆಯ ಹಿನ್ನೀರಿನ ದಂಡೆಯ ಮೇಲೆ ಒಂದು ಪಾರ್ಕು ಎದ್ದಿದೆ. ನೀರಿನ ಜಾರುಬಂಡೆ, ತಿರುಗುವ ತೊಟ್ಟಿಲು, ಸಿಮೆಂಟಿನ ಡೈನೊಸಾರ್, ‘ನಮ್ಮ ಹಳ್ಳಿ’ ಎಂಬ ಒಂದು ವಿಭಾಗ. ಹೆಸರು ಬರೆಯುವುದಿಲ್ಲ. ಬರೆದರೆ ಅದೂ ಅವರಿಗೆ ಪುಕ್ಕಟೆ ಜಾಹೀರಾತು.

ನಾನಾಗಿ ಹೋದವನಲ್ಲ. ದೊಡ್ಡವ್ವನ ಮಗಳು ಮಾದೇವಿಯನ್ನು ರಬಕವಿಗೆ ಕೊಟ್ಟಿದೆ. ಗಂಡನ ಮನೆಯಲ್ಲಿ ಪವರ್‌ಲೂಮ್ ಇವೆ, ಹಗಲಿಡೀ ಸದ್ದು. ಅವಳ ಮಗಳು ಸವಿತಾ ಪರೀಕ್ಷೆಯಲ್ಲಿ ಒಳ್ಳೆಯ ಮಾರ್ಕ್ಸ್ ತೆಗೆದರೆ ಪಾರ್ಕು ತೋರಿಸುತ್ತೇನೆಂದು ನಾನೇ ಬಾಯಿ ಬಿಟ್ಟಿದ್ದೆ. ಹುಡುಗಿ ತೆಗೆದುಬಿಟ್ಟಳು. ಅವರು ರಬಕವಿಯಿಂದ ಬಾಡಿಗೆ ಕಾರು ಮಾಡಿಕೊಂಡು ಬಂದರು, ನಾನು ಜಮಖಂಡಿಯಲ್ಲಿ ಹತ್ತಿದೆ. ಬೀಳಗಿ ಕಡೆಯ ಪುನರ್ವಸತಿ ಕೇಂದ್ರದಲ್ಲಿ ಕಿರಿಯ ಮಗನ ಜೊತೆ ಇರುವ ದೊಡ್ಡವ್ವನನ್ನು ದಾರಿಯಲ್ಲಿ ಕೂರಿಸಿಕೊಂಡೆವು. ನನ್ನ ಅವ್ವ ಬೇಗ ಹೋದಳು. ನನ್ನನ್ನು ಸಾಕಿದವಳು ಈ ದೊಡ್ಡವ್ವ, ನನ್ನಪ್ಪನ ಅಣ್ಣನ ಹೆಂಡತಿ, ಗೌರವ್ವ.

ಪಾರ್ಕು ಅಂದರೆ ಏನೆಂದು ಅವಳು ಕೇಳಲಿಲ್ಲ. ಕೇಳಿದ್ದು ಒಂದೇ.

“ಅಲ್ಲಿಂದ ನೀರ ಕಾಣತೈತೇನ?”

“ಕಾಣತೈತಿ ಬೇ,” ಅಂದಳು ಮಾದೇವಿ.

“ಹಂಗಾದ್ರ ನಡೀರಿ.”

ಆ ನೀರಿನ ಕೆಳಗೆ ನಮ್ಮ ಊರಿದೆ. ಇಷ್ಟು ಗೊತ್ತಿದ್ದರೆ ಸಾಕು, ಮುಂದಿನದು ತಾನಾಗಿ ಅರ್ಥವಾಗುತ್ತದೆ.

ಗೇಟಿನಲ್ಲಿ ಹಳದಿ ಟೀ ಶರ್ಟಿನ ಫೋಟೋಗ್ರಾಫರ್‌ಗಳು ಗೋಲ್ ಕೀಪರುಗಳ ಹಾಗೆ ಕಾಲಗಲಿಸಿ ನಿಂತಿದ್ದರು. ಯಾರನ್ನೂ ತಪ್ಪಿಸಿಕೊಂಡು ಹೋಗಲು ಬಿಡುವುದಿಲ್ಲ. ದೊಡ್ಡವ್ವ ಡೈನೊಸಾರ್ ನೋಡಿ ನಿಂತಳು.

“ಇದೇನ್ ತಮ್ಮಾ, ಓತಿಕ್ಯಾತನ?”

“ಡೈನೊಸಾರ್ ದೊಡ್ಡವ್ವ.”

“ಓತಿಕ್ಯಾತನ ಐತಿ. ಯಾವ ಮನೀದರ ಕಾಳ ತಿಂದೈತಿ ನೋಡು, ಹೊಟ್ಟಿ ಹೆಂಗ ಬಂದೈತಿ.”

ತನ್ನ ಮಾತಿಗೆ ತಾನೇ ನಕ್ಕಳು. ಕ್ಲಿಕ್. ನಾನು ಕೈ ಅಡ್ಡ ತಂದೆ. ಕ್ಲಿಕ್.

“ಫೋಟೋ ಬ್ಯಾಡ್ರಿ.”

“ತೆಗೆಯೂದು ಫ್ರೀ ಸರ್. ತಗೊಳ್ಳೂದು ಬಿಡೂದು ನಿಮಗ ಬಿಟ್ಟದ್ದು.”

ಎಷ್ಟು ಉದಾರ ನೋಡಿ. ಗಾಳ ಫ್ರೀ, ಮೀನು ಸಿಕ್ಕರೆ ಅದರ ಹಣೆಬರಹ.

ಒಳಗೆ ಹೋದಮೇಲೆ ಗೊತ್ತಾಯಿತು, ಪಾರ್ಕು ಅಂದರೆ ಫೋಟೋ ಸ್ಟುಡಿಯೋದ ಸುತ್ತ ಕಟ್ಟಿದ ಕಂಪೌಂಡು. ಜಾರುಬಂಡೆಯ ತಿರುವಿನಲ್ಲಿ ಕ್ಯಾಮೆರಾ. ತೊಟ್ಟಿಲು ಮೇಲೇರಿ ಕೆಳಗೆ ಬೀಳುವ ಜಾಗದಲ್ಲಿ ಕ್ಯಾಮೆರಾ. ಎಲ್ಲಿ ನಿಮ್ಮ ಬಾಯಿ ಹೆಚ್ಚು ತೆರೆಯುತ್ತದೋ ಅಲ್ಲೇ. ‘ನಮ್ಮ ಹಳ್ಳಿ’ಯ ಬಾಗಿಲಲ್ಲಿ ಮಾತ್ರ ಬೋರ್ಡು: ಸ್ವಂತ ಕ್ಯಾಮೆರಾ, ಮೊಬೈಲ್ ಫೋಟೋ ನಿಷೇಧ. ಅಂದರೆ ಅಲ್ಲಿ ನಿಮ್ಮ ಮಗುವಿನ ಫೋಟೋ ನೀವು ತೆಗೆಯುವಂತಿಲ್ಲ, ಅವರು ತೆಗೆಯಬಹುದು. ನಿಮ್ಮ ಮಗು, ಅವರ ಹಕ್ಕು. ಈ ನಿಯಮ ಯಾರು ಮಾಡಿದರು? ನಾವ್ಯಾಕೆ ಮೊಬೈಲನ್ನು ಕಿಸೆಗೆ ಹಾಕಿಕೊಂಡು ತಲೆ ತಗ್ಗಿಸಿ ಒಳಗೆ ಹೋದೆವು? (ನಾನೂ ಹಾಕಿಕೊಂಡೆ. ನೂರು ಜನ ಹಾಕಿಕೊಳ್ಳುವಾಗ ನೂರಾ ಒಂದನೆಯವನು ಕ್ರಾಂತಿ ಮಾಡುವುದಿಲ್ಲ.)

ಆ ಹಳ್ಳಿ ಹೇಗಿತ್ತೆಂದರೆ, ಹಳ್ಳಿಯನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದವರು ಕಟ್ಟಿದ ಹಾಗಿತ್ತು. ಸಿಮೆಂಟಿನ ಎತ್ತು. ಬೀಸುಕಲ್ಲಿನ ಮುಂದೆ ಸಿಮೆಂಟಿನ ಹೆಂಗಸು, ಕೆನ್ನೆಗೆ ಗುಲಾಬಿ ಬಣ್ಣ. ನೀರಿಲ್ಲದ ಬಾವಿ. ನಡುವೆ ಒಂದು ಮನೆ: ಸುಣ್ಣ ಬಳಿದ ಗೋಡೆ, ಕೆಂಪು ಮಣ್ಣಿನ ಪಟ್ಟಿ, ಕಟ್ಟಿಗೆಯ ಬಾಗಿಲು, ಹೊಸ್ತಿಲಿಗೆ ಪ್ಲಾಸ್ಟಿಕ್ ತೋರಣ.

ದೊಡ್ಡವ್ವ ಚಪ್ಪಲಿ ಬಿಟ್ಟಳು. ಮನೆಯ ಮುಂದೆ ಹೋದರೆ ಚಪ್ಪಲಿ ಬಿಡುವುದು ಕಾಲಿಗೇ ಗೊತ್ತಿರುತ್ತದೆ. ಬಾಗಿಲು ತಳ್ಳಿದಳು. ಹಿಂದೆ ಒಂದು ಜನರೇಟರು, ಎರಡು ಪೇಂಟಿನ ಡಬ್ಬಿ.

“ಒಳಗ ಮನೀನ ಇಲ್ಲಲ್ಲೋ.”

“ಇದು ಫೋಟೋಕ್ಕಷ್ಟ ಮನಿ, ಆಯಿ,” ಅಂದಳು ಸವಿತಾ.

ಅಲ್ಲೇ ಒಬ್ಬ ಫೋಟೋಗ್ರಾಫರ್ ಇದ್ದ. ಮಾತಿನಲ್ಲಿ ಲೋಕಾಪುರದ ಕಡೆಯವನ ಹಾಗೆ ಕಂಡ. ಗೂಟಕ್ಕೆ ಬಾಡಿಗೆ ವೇಷಗಳು ತೂಗಾಡುತ್ತಿದ್ದವು: ರುಮಾಲು, ಧೋತರ, ಉಟ್ಟ ಬಟ್ಟೆಯ ಮೇಲೇ ಸುತ್ತಿಕೊಂಡು ಹಿಂದೆ ಅಂಟಿಸುವ ಇಳಕಲ್ ಸೀರೆ. ಮಾದೇವಿ ಸೀರೆಯ ಸೆರಗನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು. ನೇಕಾರರ ಮನೆ ಸೇರಿದವಳ ಬೆರಳು.

“ಇದು ಇಳಕಲ್ ಏನ್ರಿ ಅಣ್ಣಾರ? ನಮ್ಮ ಮಗ್ಗಕ್ಕ ಹೇಳಿದ್ರ ಅಳತಾವ.”

“ಫೋಟೋದಾಗ ಏನೂ ಗೊತ್ತಾಗಂಗಿಲ್ರಿ ಅಕ್ಕಾರ,” ಅಂದ ಆತ. ಆಮೇಲೆ ದೊಡ್ಡವ್ವನ ಕಡೆ ತಿರುಗಿದ. “ಆಯಿಗೆ ಗೆಟಪ್ ಬ್ಯಾಡ. ಆಯಿ ಒರಿಜಿನಲ್ ಅದಾರ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ದೊಡ್ಡವ್ವನಿಗೂ ಮೊಮ್ಮಗಳ ಜೊತೆ ಒಂದು ಫೋಟೋ ಆಗಲಿ ಅನ್ನಿಸಿತೋ ಏನೋ, ಸೆರಗು ತಲೆಯ ಮೇಲೆ ಎಳೆದುಕೊಂಡು ಹೊಸ್ತಿಲ ಮುಂದೆ ನಿಂತಳು.

ಆಗ ಆತ ಒಂದು ಪಾಟಿ ತಂದ. ನಾವು ಸಾಲಿಯಲ್ಲಿ ಬರೆಯುತ್ತಿದ್ದ ಕಪ್ಪು ಪಾಟಿ. ಮೇಲೆ ಸೀಮೆಸುಣ್ಣದಲ್ಲಿ ಒಂದು ನಂಬರ್. ದಿನಕ್ಕೆ ಅದೇ ಮನೆಯ ಮುಂದೆ ನೂರಾರು ಕುಟುಂಬ ನಿಲ್ಲುತ್ತದೆ, ಯಾರ ಫೋಟೋ ಯಾರದೆಂದು ಆಮೇಲೆ ಗೊತ್ತಾಗಬೇಕಲ್ಲ. ಅದಕ್ಕೆ ಮೊದಲ ಫೋಟೋ ನಂಬರ್ ಹಿಡಿದು. ಅವರ ಕೆಲಸದ ಪದ್ಧತಿ, ತಪ್ಪೇನಿಲ್ಲ.

“ಇದನ್ನ ಎದಿಗೆ ಹಿಡಕೋ ಆಯಿ. ನಂಬರ್ ಕಾಣಬೇಕ.”

ದೊಡ್ಡವ್ವನ ಕೈ ಮುಂದೆ ಬರಲಿಲ್ಲ.

“ಏನಿದು?”

“ನಂಬರ್ ಆಯಿ.”

“ಮನೀದ?”

“ಏ ಮನೀದಲ್ಲ, ಫೋಟೋದ್ದ. ಹಿಡಿ, ಹಿಂದ ಪಾಳೆ ಐತಿ. ಹಾಂ, ಒಂಚೂರು ನಗು.”

ಪಾಟಿಯನ್ನು ತಾನೇ ಅವಳ ಕೈಗೆ ತುರುಕಿ ಹಿಂದೆ ಸರಿದ. ದೊಡ್ಡವ್ವ ಅದನ್ನು ನೋಡಿದಳು, ಹಿಂದಿನ ಬಾಗಿಲನ್ನು ನೋಡಿದಳು. ಆಮೇಲೆ ಪಾಟಿಯನ್ನು ಎಸೆದಳು. ಅದು ಸಿಮೆಂಟ್ ಎತ್ತಿನ ಕೋಡಿಗೆ ಬಡಿದು ಎರಡು ಹೋಳಾಯಿತು. ಅವಳ ಕೈ ಮೇಲಕ್ಕೆದ್ದಿತ್ತು.

“ಪಾಟಿ ಹಿಡಿ ಅಂತೀ? ನಗು ಅಂತೀ? ಪಾಟಿ ಹಿಡದ ನಕ್ಕಾಕೀನ ನಾನು. ನಕ್ಕಿದ್ದಕ ಏನಾತು ಗೊತ್ತೈತೇನ ನಿನಗ? ಇದ್ದೊಂದು ಮನಿ ನೀರಾಗ ಹೋತು. ಈಗ ಈ ಒಳಗಿಲ್ಲದ ಮನಿಗೂ ನಂಬರ್ ಹಚ್ಚಾಕ ಬಂದೀ? ಇದನ್ನೆಲ್ಲಿ ಮುಳುಗಸಾಂವ ಅದೀ?”

ಕ್ಲಿಕ್. ಕ್ಲಿಕ್. ಕ್ಲಿಕ್.

ಹೌದು, ಆತ ನಿಲ್ಲಿಸಲಿಲ್ಲ. ಪಾಳೆಯಲ್ಲಿ ನಿಂತವರಿಗೆ ಇದೂ ಪಾರ್ಕಿನದೇ ಒಂದು ಆಟ ಅನ್ನಿಸಿತು. ಯಾರೋ ಚಪ್ಪಾಳೆ ತಟ್ಟಿದರು.

ಪಾಟಿಯ ಕತೆ ಹೇಳಲೇಬೇಕು.

ತೊಂಬತ್ತರ ದಶಕ ಮುಗಿಯುವ ಹೊತ್ತು. ಡ್ಯಾಮಿನಲ್ಲಿ ನೀರು ನಿಲ್ಲಿಸುತ್ತಾರೆ, ಊರು ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಸಾವು ಗೊತ್ತಿರುತ್ತದಲ್ಲ, ಹಾಗೆ. ಒಂದು ದಿನ ಮನೆ ಮನೆ ಸರ್ವೆ. ಅಳತೆಪಟ್ಟಿ ಹಿಡಿದವರ ಜೊತೆ ಒಬ್ಬ ಫೋಟೋದವ ಬರುತ್ತಾನೆ, ಪ್ರತಿ ಮನೆಯ ಮುಂದೆ ಮನೆಯವರನ್ನು ನಿಲ್ಲಿಸಿ ಫೋಟೋ ತೆಗೆಯುತ್ತಾನೆ ಎಂದು ಹಿಂದಿನ ವಾರವೇ ಸುದ್ದಿ.

ನಮ್ಮೂರವರು ಏನು ಮಾಡಿದರು ಗೊತ್ತೆ? ಸುಣ್ಣ ಹಚ್ಚಿದರು.

ನಗಬೇಡಿ. ಮುಳುಗಡೆಯ ಸರ್ವೆಗೆ ಸುಣ್ಣ ಬಳಿದು ಸಿಂಗಾರವಾದ ಊರು ನಮ್ಮದು. ಅಲ್ಲಿಯವರೆಗೆ ನಮ್ಮ ಓಣಿಯಲ್ಲಿ ಫೋಟೋ ಅಂದರೆ ಮದುವೆ. ಮದುವೆ ಇಲ್ಲದೆ ಯಾರಾದರೂ ಮನೆಯ ತನಕ ಬಂದು ಫೋಟೋ ತೆಗೆಯುತ್ತಾರೆಂದರೆ ಅದಕ್ಕೆ ಮರ್ಯಾದೆ ಕೊಡಬೇಡವೇ? ಟ್ರಂಕಿನಲ್ಲಿದ್ದ ಸೀರೆ ಹೊರಗೆ ಬಂತು. ಎತ್ತಿನ ಕೋಡಿಗೆ ಬಣ್ಣ. ಎತ್ತಿಲ್ಲದವರು ಪಕ್ಕದ ಮನೆಯ ಎತ್ತನ್ನು ತಂದು ತಮ್ಮ ಬಾಗಿಲಿಗೆ ಕಟ್ಟಿದರು, ಫೋಟೋ ಆದಮೇಲೆ ಅವೇ ಎತ್ತು ಮುಂದಿನ ಬಾಗಿಲಿಗೆ ಹೋದವು. ನಮ್ಮ ದೊಡ್ಡಪ್ಪ ಹೊಸ ಕಂಬಳಿ ಹೆಗಲಿಗೆ ಹಾಕಿ, ಬೀರಪ್ಪ ದೇವರ ಭಂಡಾರದ ಅರಿಶಿನ ಹಣೆಗೆ ಹಚ್ಚಿಕೊಂಡು, ತನ್ನ ಟಗರನ್ನೂ ಪಕ್ಕಕ್ಕೆ ನಿಲ್ಲಿಸಿಕೊಂಡ. ಸರ್ವೆಯವರಿಗೆ ಶೇಂಗಾ ಹೋಳಿಗೆ ಊಟ. ದೊಡ್ಡವ್ವನ ಕೈಗೆ ಪಾಟಿ ಕೊಟ್ಟರು, ಅದರ ಮೇಲೆ ಮನೆಯ ನಂಬರ್. ರೀಲಿನ ಕ್ಯಾಮೆರಾ, ಮನೆಗೊಂದೇ ಫೋಟೋ, ಅಲುಗಾಡಬೇಡಿ ಅಂದರು. ಅಲುಗಾಡಲಿಲ್ಲ. ಫೋಟೋದವ ನಗರಿ ಅಂದ. ನಕ್ಕರು.

ಆ ಫೋಟೋದಲ್ಲಿ ನಾನೂ ಇದ್ದೇನೆ. ಎಡಗಡೆ, ಕಟ್ಟೆಯ ಮೇಲೆ ಒಂದು ಕಾಲಿಟ್ಟು. ಹಸಿ ಸುಣ್ಣದ ವಾಸನೆ ಈಗಲೂ ಮೂಗಿನಲ್ಲಿದೆ. ಪಾಟಿಯ ಮೇಲೆ ನಂಬರ್ ಬರೆದುಕೊಟ್ಟವನೂ ನಾನೇ ಎಂದು ನನಗೆ ಖಚಿತವಾಗಿ ನೆನಪಿದೆ.

ಮಾದೇವಿ ಒಪ್ಪುವುದಿಲ್ಲ.

“ನೀ ಎಲ್ಲಿದ್ಯೋ ಅಣ್ಣಾ? ನೀ ಧಾರವಾಡದಾಗ ಪರೀಕ್ಷಾ ಬರಿಯಾಕತ್ತಿದ್ದಿ. ಎಲ್ಲಾ ಮುಗದ ಮ್ಯಾಲ ಬಂದು ಉಳದ ಹೋಳಿಗಿ ತಿಂದಿ.”

ಲೆಕ್ಕ ಹಾಕಿದರೆ ಅವಳದೇ ಸರಿ ಇರಬೇಕು. ಆ ತಿಂಗಳು ನಾನು ಹಾಸ್ಟೆಲಿನಲ್ಲಿದ್ದೆ. ಹಾಗಾದರೆ ಈ ಸುಣ್ಣದ ವಾಸನೆ ಯಾರದು? ಕೇಳಿ ಕೇಳಿ ನನ್ನದಾಗಿಸಿಕೊಂಡ ನೆನಪೇ? ದೊಡ್ಡವ್ವನನ್ನು ಕೇಳಿದರೆ, “ನೀ ಇದ್ದಿ, ಇಲ್ದ ಹೆಂಗ,” ಅನ್ನುತ್ತಾಳೆ. ಅವಳಿಗೆ ಮನೆ ಎಂದರೆ ಎಲ್ಲರೂ ಇದ್ದದ್ದೇ. ಸುಣ್ಣ ಹಚ್ಚಿದ್ದು ಮನೆಯ ಬೆಲೆ ಹೆಚ್ಚು ಕಟ್ಟಲಿ ಅಂತ ಎಂದು ಮಾದೇವಿ. ಅಲ್ಲ, ಫೋಟೋದಾಗ ಛಲೋ ಕಾಣಲಿ ಅಂತ ಎಂದು ದೊಡ್ಡವ್ವ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವನು. ಬೇರೆಯವರ ನೆನಪನ್ನು ಅನುಮಾನಿಸುವುದೇ ನನಗೆ ಕಲಿಸಿದ ವಿದ್ಯೆ. ನನ್ನ ನೆನಪಿನ ಮೇಲೆ ಅದನ್ನು ಪ್ರಯೋಗಿಸಿದರೆ ಕಾಲ ಕೆಳಗಿನ ಕಟ್ಟೆಯೇ ಜಾರುತ್ತದೆ.

ತೀರ್ಮಾನಿಸಬಲ್ಲ ಸಾಕ್ಷಿ ಒಂದೇ: ಆ ಫೋಟೋ. ಅದು ನಮ್ಮ ಬಳಿ ಇಲ್ಲ.

ದೊಡ್ಡವ್ವ ಆವತ್ತೇ ಕೇಳಿದ್ದಳಂತೆ. “ನಮಗೂ ಒಂದ ಕಾಪಿ ಕೊಡ್ರಿ.” “ಬರತೈತಿ ಬೇ,” ಅಂದನಂತೆ ಫೋಟೋದವ. ಬರಲಿಲ್ಲ. ಆಮೇಲೆ ಕಚೇರಿಯಿಂದ ಯಾರೇ ಬಂದರೂ, ನೋಟಿಸ್ ಕೊಡಲು ಬಂದವರಿಗೂ, ಹೊಸ ಊರಿನಲ್ಲಿ ನಲ್ಲಿ ಕೂಡಿಸಲು ಬಂದವರಿಗೂ, ಅವಳದು ಅದೇ ಪ್ರಶ್ನೆ: ನಮ್ಮ ಫೋಟೋ ಎಲ್ಲಿ? ನಾನೂ ಒಮ್ಮೆ ಹೋಗಿ ವಿಚಾರಿಸಿದೆ. ಫೈಲು ಈ ಕಚೇರಿಯಿಂದ ಆ ಕಚೇರಿಗೆ ಹೋಗಿದೆ ಎಂದರು. ಆ ಕಚೇರಿಯಲ್ಲಿ ಈ ಕಚೇರಿಯ ದಾರಿ ತೋರಿಸಿದರು. ನಾನೂ ಕೈಬಿಟ್ಟೆ.

ದೊಡ್ಡಪ್ಪ ಹೊಸ ಊರಿನಲ್ಲಿ ಹೆಚ್ಚು ದಿನ ಬಾಳಲಿಲ್ಲ. ಈಗ ಗೋಡೆಯ ಮೇಲಿರುವ ಅವನ ಫೋಟೋ ಮತದಾರರ ಚೀಟಿಯಿಂದ ದೊಡ್ಡದು ಮಾಡಿಸಿದ್ದು. ಕಿವಿಯ ಮೇಲೆ ಸರ್ಕಾರದ ಸೀಲಿನ ಅರ್ಧ ಚಂದ್ರ ಹಾಗೇ ಉಳಿದಿದೆ. ಹಬ್ಬದ ದಿನ ಆ ಸೀಲಿಗೂ ಸೇರಿಸಿಯೇ ಕುಂಕುಮ ಹಚ್ಚುತ್ತಾರೆ. ಹೊಸ ಕಂಬಳಿ ಹೊದ್ದು, ಟಗರಿನ ಪಕ್ಕ, ತನ್ನ ಬಾಗಿಲ ಮುಂದೆ ನಿಂತ ದೊಡ್ಡಪ್ಪ ಯಾವುದೋ ಕಪಾಟಿನಲ್ಲಿದ್ದಾನೆ. ಇದ್ದರೆ.

ಈಗ ಹೇಳಿ, ನನಗೆ ಸಿಟ್ಟು ಬರಬಾರದೇ? ಕೇಳಿ ಕೇಳಿ ಬಾಯಿ ಒಣಗಿದರೂ ಕೊಡದ ಫೋಟೋ ಒಂದು. ಬೇಡ ಬೇಡ ಅಂದರೂ ತೆಗೆದು ತಂದು ಮಾರುವ ಫೋಟೋ ಇನ್ನೊಂದು. ಅದೂ ಅದೇ ನೀರಿನ ದಂಡೆಯಲ್ಲಿ. ಮುಳುಗಿದ ಮನೆಯ ನಕಲನ್ನು ಕಟ್ಟಿ, ಅದಕ್ಕೆ ಸುಣ್ಣ ಹಚ್ಚಿ, ನಂಬರ್ ಪಾಟಿ ಕೊಟ್ಟು, ನಗು ಅನ್ನುವುದು. ಇವರಿಗೆ ಯಾರಾದರೂ ಹೇಳಿಕೊಟ್ಟರೋ, ತಾವಾಗಿಯೇ ಹೊಳೆಯಿತೋ?

ಹೊರಗೆ ಬರುವ ದಾರಿ ಒಂದೇ. ಅದು ಫೋಟೋ ಕೌಂಟರಿನ ಒಳಗಿಂದಲೇ ಹಾದು ಹೋಗುತ್ತದೆ. (ಇಂಥ ಪ್ಲಾನ್ ಹಾಕುವ ಎಂಜಿನಿಯರುಗಳಿಗೆ ನಮ್ಮ ಬಸ್ ಸ್ಟ್ಯಾಂಡುಗಳ ಕೆಲಸ ಕೊಡಬೇಕು, ಒಬ್ಬನೂ ಟಿಕೆಟ್ ತಪ್ಪಿಸಲಾರ.) ಗೋಡೆಯ ತುಂಬ ಫೋಟೋಗಳು. ನೆತ್ತಿಯ ಮೇಲೆ ದೊಡ್ಡ ಟಿವಿ. ಅದರಲ್ಲಿ ಆ ದಿನದ ಮುಖಗಳು ಒಂದಾದಮೇಲೊಂದು ಬಂದು ಹೋಗುತ್ತವೆ. ಹೊರಗೆ ಕಬ್ಬಿನ ಹಾಲಿನ ಅಂಗಡಿಯ ಕಡೆಗೂ ಅಂಥದೇ ಒಂದು ಟಿವಿ.

ದೊಡ್ಡವ್ವನಿಗೆ ಸುಸ್ತಾಗಿತ್ತು. ಮಾದೇವಿ ಅವಳನ್ನು, ಸವಿತಾಳನ್ನು ಕರೆದುಕೊಂಡು ಕಬ್ಬಿನ ಹಾಲು ಕುಡಿಸಲು ಮುಂದೆ ಹೋದಳು. ಗೇಟಿನ ಫೋಟೋಕ್ಕೆ ಗಿಳಿಯ ಚೌಕಟ್ಟು ಹಾಕಿ ಹಿಡಿದುಕೊಂಡು ಕೌಂಟರಿನವನು ಅಡ್ಡ ಬಂದ, ನಾನು ಹಿಂದೆ ಉಳಿದೆ. ಆಗ ಬಂತು. ಟಿವಿಯ ತುಂಬ ದೊಡ್ಡವ್ವ. ಹಿಂದೆ ಸುಣ್ಣದ ಗೋಡೆ. ಸೆರಗು ಜಾರಿ ಬಿಳಿ ಕೂದಲು ಕೆದರಿದೆ. ಕೈ ಮೇಲೆದ್ದಿದೆ. ಬಾಯಿ ತೆರೆದಿದೆ. ಕಣ್ಣು ಕ್ಯಾಮೆರಾದ ಒಳಗೇ ನುಗ್ಗಿದೆ.

ಪಕ್ಕದಲ್ಲಿ ನಿಂತಿದ್ದ ಗುಂಪಿನಲ್ಲಿ ಒಬ್ಬ, “ಆಯಿ ನೋಡಲೇ, ಹೊಡಿಯಾಕ ಹೊಂಟಾಳ,” ಅಂದ. ಇನ್ನೊಬ್ಬ, “ಸೊಸಿ ಎದರಿಗಿದ್ದಿರಬೇಕ,” ಅಂದ. ನಕ್ಕರು.

ನಾನು ಟಿವಿಯ ಕಡೆ ಬೆರಳು ತೋರಿಸಿದೆ.

“ಅದನ್ನ ತೆಗೀರಿ,” ಅಂದೆ ಕೌಂಟರಿನವನಿಗೆ.

“ಪ್ರಿಂಟ್ ತೆಗೀಲೇನ್ರಿ ಸರ್? ದೊಡ್ಡ ಸೈಜ್?”

“ಟಿವಿಯಿಂದ ತೆಗೀರಿ. ಅಳಸ್ರಿ.”

“ಇದು ಕ್ಯಾಂಡಿಡ್ ಸರ್. ಇಂಥಾವ ಭಾರಿ ಓಡತಾವ.”

“ಯಾರ ಮನಿ ಮುದುಕಿ ಫೋಟೋ ಯಾರು ತಗೋತಾರ?”

ಆತ ಬಹಳ ಸಮಾಧಾನದಿಂದ ಹೇಳಿದ. “ನೀವ ತಗೋತೀರಿ ಸರ್. ಬಿಟ್ಟು ಹೋಗಾಕ ಮನಸ ಬರಂಗಿಲ್ಲ.”

ಇಡೀ ವ್ಯಾಪಾರ ಈ ಒಂದು ಮಾತಿನಲ್ಲಿದೆ. ಅವರು ಫೋಟೋ ಮಾರುತ್ತಿಲ್ಲ. ನಿಮ್ಮ ಮನೆಯ ಹೆಣ್ಣುಮಗಳ ಮುಖವನ್ನು ಕಂಡವರ ಗೋಡೆಗೆ ಬಿಟ್ಟು ಹೋಗಲಾರದ ನಿಮ್ಮ ಸಂಕಟವನ್ನು ಮಾರುತ್ತಿದ್ದಾರೆ. ಒತ್ತೆ ಇಟ್ಟುಕೊಂಡವನು ಕೂಡ ಮೊದಲು ಸಾಲ ಕೊಟ್ಟಿರುತ್ತಾನೆ. ಇವರು ಏನೂ ಕೊಡದೆ ಒತ್ತೆ ಇಟ್ಟುಕೊಳ್ಳುತ್ತಾರೆ.

ಆಮೇಲೆ ನಾನು ಮಾತಾಡಿದ್ದು ಪೂರ್ತಿ ನೆನಪಿಲ್ಲ. ಕಾನೂನು ಅಂದೆ. ಒಪ್ಪಿಗೆ ಅಂದೆ. ಪತ್ರಿಕೆಗೆ ಬರೆಯುತ್ತೇನೆ ಅಂದೆ. (ಅದೊಂದು ಮಾತು ಉಳಿಸಿಕೊಂಡಿದ್ದೇನೆ.) ಜನ ಸೇರಿದರು. ಹಿಂದಿನ ಕೋಣೆಯಿಂದ ಸೂಪರ್‌ವೈಸರ್ ಬಂದ. ಯಾವ ಊರು, ಏನು ಕೆಲಸ ಎಂದು ವಿಚಾರಿಸಿ, ಕೊನೆಗೆ ಕೌಂಟರಿನವನಿಗೆ ಕಣ್ಣಲ್ಲೇ ಅಪ್ಪಣೆ ಕೊಟ್ಟ.

ನಾನು ಅಷ್ಟಕ್ಕೆ ಬಿಡಲಿಲ್ಲ. ಮಾನಿಟರನ್ನು ನನ್ನ ಕಡೆ ತಿರುಗಿಸಿ ಅಂದೆ. ಪಾಟಿ ಎಸೆಯುತ್ತಿರುವುದು, ಅಳಿಸಿದ. ಕೈ ಎತ್ತಿದ್ದು, ಅಳಿಸಿದ. ಬಯ್ಯುತ್ತಿರುವುದು, ಅಳಿಸಿದ. ರೀಸೈಕಲ್ ಬಿನ್ ತೆಗೀರಿ ಅಂದೆ, ಅಲ್ಲಿಂದಲೂ ಹೋಯಿತು. ಕ್ಯಾಮೆರಾದ ಕಾರ್ಡ್ ತರಿಸಿ ಅಂದೆ, ತರಿಸಿದರು, ಅದರಿಂದಲೂ ಹೋಯಿತು. ಓದಿದವನ ಕೆಲಸ ಅಂದರೆ ಹೀಗಿರಬೇಕು, ಎಲ್ಲೂ ಒಂದು ಎಳೆ ಉಳಿಯಬಾರದು.

“ಆತ್ರಿ ಸರ್? ಸಮಾಧಾನ ಆತ?” ಅಂದ ಕೌಂಟರಿನವನು.

ಆಗಿತ್ತು. ಎದೆಯುಬ್ಬಿಸಿಕೊಂಡೇ ಹೊರಗೆ ಬಂದೆ. ಈ ವಾರದ ಅಂಕಣದ ಮೊದಲ ವಾಕ್ಯ ಆಗಲೇ ತಲೆಯಲ್ಲಿ ತಯಾರಾಗಿತ್ತು.

ಕಬ್ಬಿನ ಹಾಲಿನ ಅಂಗಡಿಯ ಬೆಂಚಿನ ಮೇಲೆ ದೊಡ್ಡವ್ವ ಕೂತಿದ್ದಳು. ಗ್ಲಾಸು ಕೈಯಲ್ಲಿ ಹಾಗೇ ಇತ್ತು, ನೊರೆ ಇಳಿದಿತ್ತು. ಎದುರಿಗೆ ಆ ಇನ್ನೊಂದು ಟಿವಿ.

“ತಗೊಂಡ್ಯಾ?” ಅಂದಳು.

“ಏನ ದೊಡ್ಡವ್ವ?”

“ಅದರಾಗ ಬಂದಿತ್ತಲ್ಲ. ನಾ ಕೈ ಎತ್ತಿದ್ದು. ಎರಡ ಸಲ ಬಂತು. ಆಮ್ಯಾಲ ಬರಲೇ ಇಲ್ಲ. ನೀ ಒಳಗ ನಿಂತಿದ್ದಿ, ತಗೊಂಡಿರಬೇಕ ಅಂತ ಮಾಡಿದ್ನಿ.”

“ಇಲ್ಲ ಬೇ. ಅಳಿಸಿಸಿದ್ನಿ.”

“ಯಾಕ?”

“ಮಂದಿ ನೋಡಿ ನಗಾಕತ್ತಿದ್ರು.”

“ನಗಲಿ ಬಿಡಪಾ. ನಾ ನಗಾಕತ್ತಿದ್ದಿಲ್ಲಲ್ಲ.”

ಮಾದೇವಿ ನನ್ನ ಮುಖ ನೋಡಿದಳು. ನಾನು ಎಲ್ಲಿ ನೋಡಲಿ ಎಂದು ತಿಳಿಯದೆ ನೀರನ್ನು ನೋಡಿದೆ. ಅಲ್ಲಿಂದ ಚೆನ್ನಾಗಿಯೇ ಕಾಣುತ್ತಿತ್ತು.

ದೊಡ್ಡವ್ವ ಗ್ಲಾಸನ್ನು ಬೆಂಚಿನ ಮೇಲೆ ಇಟ್ಟಳು. ದನಿ ಎತ್ತರಿಸಲಿಲ್ಲ.

“ಆವತ್ತ ಹಂಗ ನಿಂದ್ರಬೇಕಾಗಿತ್ತ ತಮ್ಮಾ. ನಂಬರ್ ಹಚ್ಚಾಕ ಬಂದಾರ, ನಾವು ಹೋಳಿಗಿ ಮಾಡಿ ಹಾಕೇವಿ. ನಿಮ್ಮ ದೊಡ್ಡಪ್ಪ ಟಗರಿಗೆ ಮೈ ತೊಳದಾನ. ನಾ ಪಾಟಿ ಹಿಡದ ಹಲ್ಲ ಕಿಸದೇನಿ. ಅದನ್ನ ನೋಡಿದಾವ್ರು ಏನಂದಿರಬೇಕ? ಇವ್ರು ಖುಷಿಲೇನ ಕೊಟ್ಟಾರ ಅಂತ ಅಂದಿರಬೇಕ. ಇವತ್ತ ಆ ಟಿವಿಯಾಗ ನನ್ನ ನೋಡಿದ ಮ್ಯಾಲ ಅನಿಸ್ತು, ಹಾಂ, ಇದು ಖರೆ ಫೋಟೋ. ಇದನ್ನ ಮನ್ಯಾಗ ಹಚ್ಚಬೇಕ, ನಿಮ್ಮ ದೊಡ್ಡಪ್ಪನ ಫೋಟೋದ ಬಾಜೂಕ.”

ಇಷ್ಟು ವರ್ಷ ಅವಳು ಆ ಸರ್ವೆ ಫೋಟೋ ಕೇಳುತ್ತಿದ್ದುದು ದೊಡ್ಡಪ್ಪನಿಗಾಗಿ, ಮನೆಗಾಗಿ ಎಂದು ನಾನು ತಿಳಿದಿದ್ದೆ. ಅದನ್ನು ಸರ್ಕಾರದವರ ಕೈಯಿಂದ ಕಿತ್ತುಕೊಳ್ಳುವುದೂ ಅವಳಿಗೆ ಬೇಕಿತ್ತು ಎಂದು ನನಗೆ ಹೊಳೆದಿರಲಿಲ್ಲ.

ನಾನು ವಾಪಸ್ ಓಡಿದೆ. ಹೌದು, ಓಡಿದೆ. ಒಳಗೆ ಬರುವ ದಾರಿ ಅದಲ್ಲ ಎಂದು ವಾಚ್‌ಮನ್ ತಡೆದ, ಅವನನ್ನು ದಾಟಿಕೊಂಡು ಹೋದೆ. ಕೌಂಟರಿನವನು ನನ್ನನ್ನು ನೋಡಿ ಮತ್ತೆ ಜಗಳಕ್ಕೇ ಬಂದನೆಂದು ಎದ್ದು ನಿಂತ.

“ಆ ಫೋಟೋ ಬೇಕಾಗಿತ್ರಿ.”

“ಯಾವುದ್ರಿ?”

“ನೀವು ಅಳಿಸಿದ್ದು.”

ಆತ ನನ್ನನ್ನೇ ನೋಡಿದ. ನಾನು ತಮಾಷೆ ಮಾಡುತ್ತಿದ್ದೇನೆಯೋ ಎಂದು ಸೂಪರ್‌ವೈಸರ್ ಕಡೆ ನೋಡಿದ.

“ನೀವ ಅಳಸಂದ್ರಿ ಸರ್. ಬಿನ್ನಿನ್ಯಾಗಿಂದೂ ತೆಗಸಿದ್ರಿ. ಕಾರ್ಡಿನ್ಯಾಗಿಂದೂ ತೆಗಸಿದ್ರಿ. ಹೋದ ಮ್ಯಾಲ ಬೇರೆಯವರ ಫೋಟೋ ಬಂದು ಕುಂತಾವ ಅಲ್ಲಿ. ಎಲ್ಲಿಂದ ತರಲಿ?”

“ಏನರ ದಾರಿ ಇದ್ರ ನೋಡ್ರಿ.”

“ಇಲ್ರಿ. ಅಲ್ಲದ, ಅದು ನಗದಿದ್ದ ಫೋಟೋ ಸರ್. ನಗದಿದ್ದು ಯಾರೂ ಒಯ್ಯದಿದ್ರ ಸಂಜೀಕ ನಾವ ವೇಸ್ಟ್ ಅಂತ ತೆಗದ ಹಾಕತೀವಿ. ಇಲ್ಲೆ ನೋಡ್ರಿ, ಗೇಟಿನ್ಯಾಗಿಂದು ಐತಿ. ಆಯಿ ಎಷ್ಟ ಛಲೋ ನಕ್ಕಾರ. ಒಯ್ರಿ, ರೊಕ್ಕ ಬ್ಯಾಡ.”

ಆಗ ಮಾರಲು ಹೆಣಗಿದ್ದ ಫೋಟೋವನ್ನು ಈಗ ಪುಕ್ಕಟೆ ಕೊಟ್ಟ. ಕರುಣೆ ಇರಬೇಕು. ಬಿಟ್ಟು ಬರಲು ಮನಸ್ಸಾಗಲಿಲ್ಲ. ಆತ ಹೇಳಿದ್ದು ಸರಿಯೇ ಇತ್ತು.

ಕಾರಿನಲ್ಲಿ ದೊಡ್ಡವ್ವನ ಕೈಗೆ ಕೊಟ್ಟೆ. ಗಿಳಿಗಳನ್ನು ನೋಡಿದಳು. ತನ್ನನ್ನು ನೋಡಿಕೊಂಡಳು. ವಾಪಸ್ ಕೊಟ್ಟಳು.

“ನಕ್ಕಿದ್ದ ಒಂದು ಸರಕಾರದವರ ಹಂತ್ಯಾಕ ಐತಿ. ಅಷ್ಟ ಸಾಕು.”

ಪುನರ್ವಸತಿ ಕೇಂದ್ರದ ತಿರುವಿನಲ್ಲಿ ಇಳಿದು, ಚಪ್ಪಲಿ ಸರಿಪಡಿಸಿಕೊಂಡು ಹೋದಳು. ಸವಿತಾ ಕಿಟಕಿಯಿಂದ ಕೈ ಬೀಸಿದಳು. ದೊಡ್ಡವ್ವ ತಿರುಗಿ ಕೈ ಎತ್ತಿದಳು, ಬೇರೆ ರೀತಿಯಲ್ಲಿ.

ಪಾರ್ಕಿನವರ ಮೇಲಿನ ಸಿಟ್ಟು ಹಾಗೇ ಇದೆ. ಕೇಳದೆ ತೆಗೆಯುವವರ ಮೇಲೆ, ಕೇಳಿದರೂ ಕೊಡದವರ ಮೇಲೆ, ನಕ್ಕ ಮುಖವನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ವೇಸ್ಟ್ ಅನ್ನುವ ಎಲ್ಲರ ಮೇಲೂ ಇದೆ. ಆದರೆ ಈ ವಾರ ಆ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿಕೊಳ್ಳದೆ ಬರೆಯಲು ಆಗುತ್ತಿಲ್ಲ. ಅವಳ ಮರ್ಯಾದೆ ಉಳಿಸಲು ಹೊರಟ ನಾನು, ಬೇಕೋ ಬೇಡವೋ ಎಂದು ಅವಳನ್ನು ಕೇಳಲೇ ಇಲ್ಲ. ಹಳದಿ ಟೀ ಶರ್ಟಿನವನೂ ಕೇಳಿರಲಿಲ್ಲ.

ಆ ಫೋಟೋ ಹೇಗಿತ್ತು ಎಂದು ಬರೆದಿಡೋಣ ಅಂತ ಕೂತರೆ ಇನ್ನೊಂದು ತೊಂದರೆ. ಎತ್ತಿದ್ದು ಬಲಗೈಯೋ ಎಡಗೈಯೋ? ಬಲಗೈ ಎಂದು ನಾನು, ಎಡಗೈ ಎಂದು ಫೋನಿನಲ್ಲಿ ಮಾದೇವಿ. ಸೆರಗು ಜಾರಿತ್ತು ಅಂತ ನಾನು, ತಲೆಯ ಮೇಲೇ ಇತ್ತು ಅಂತ ಅವಳು. ಇನ್ನೂ ಒಂದು ವಾರ ಆಗಿಲ್ಲ. ಮೂಗಿನಲ್ಲಿರುವ ಸುಣ್ಣದ ವಾಸನೆಯ ಗತಿಯೇ ಇದಕ್ಕೂ ಆಗುತ್ತಿದೆ.

ನನ್ನ ಮೇಜಿನ ಮೇಲೆ ಈಗ ಆ ರಟ್ಟು ನಿಂತಿದೆ. ನಾಳೆ ಯಾರಾದರೂ ಬಂದು, ನಿಮ್ಮವರು ಆಗ ಸಿಟ್ಟಾಗಿದ್ದರು ಎನ್ನುವುದಕ್ಕೆ ಸಾಕ್ಷಿ ಏನಿದೆ ಎಂದು ಕೇಳಿದರೆ ನಾನು ಏನು ತೋರಿಸಲಿ, ಈ ಎರಡು ಗಿಳಿಗಳನ್ನೇ?